ಊರ ಹೆಸರು ಹೇಳಿದರೆ ತೆಗೆದುಕೊಡುವ ಪುಸ್ತಕ

ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ಶಿಗ್ಗಾಂವಿ ತಾಲೂಕಿನ ಹಳ್ಳಿಗಳಲ್ಲಿ ತಿರುಗುತ್ತಿದ್ದಾಗ ದುಂಡಸಿಯಲ್ಲಿ ಒಂದು ಮಧ್ಯಾಹ್ನ ಬಸ್ಸು ತಪ್ಪಿತು. ಚಹಾದಂಗಡಿಯ ಮುಂದಿನ ಬಾಕಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನ ಚೀಲದಿಂದ ಇಣುಕುತ್ತಿದ್ದ ಜೆರಾಕ್ಸ್ ಕಟ್ಟನ್ನು ನೋಡಿ ಏನು ಎತ್ತ ಎಂದು ವಿಚಾರಿಸಿದರು. ಈ ಭಾಗದ ಶಾಸನಗಳ ಮೇಲೆ ಪಿಎಚ್.ಡಿ. ಮಾಡ್ತಿದ್ದೀನ್ರಿ ಅಜ್ಜಾರ, ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲಾಟಿ ಕಡೆ ಹೋಗಿ ಸರ್ವೆ ನಂಬರ್ ಹೇಳಿದ್ರ ಉತಾರ ತಗದು ಕೊಡ್ತಾನ. ಹಂಗ ಊರ ಹೆಸರು ಹೇಳಿದ್ರ ಆ ಊರಿಂದು ಎಲ್ಲಾ ತಗದು ಕೊಡೂ ಪುಸ್ತಕ ನಿಮ್ಮಂತಲ್ಲಿ ಐತೇನು ತಂಗಿ?" ಎಂದು ಕೇಳಿದರು.

ಐತ್ರಿ ಎನ್ನಬೇಕೆಂದು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಶಿವಮೊಗ್ಗ ಜಿಲ್ಲೆಯ ಒಬ್ಬ ಅಜ್ಜ ಇದೇ ಪ್ರಶ್ನೆ ಕೇಳಿದ್ದರೆ ಹಾಗೆ ಹೇಳಬಹುದಿತ್ತು. ಇಲ್ಲಿಂದ ದಕ್ಷಿಣಕ್ಕೆ ಹಾನಗಲ್ಲು, ಹಿರೇಕೆರೂರು ದಾಟಿದರೆ ಸಿಗುವ ಶಿಕಾರಿಪುರದವರಿಗೆ ಅಂಥ ಪುಸ್ತಕ 1902ರಲ್ಲೇ ಸಿಕ್ಕಿತ್ತು. ದುಂಡಸಿಯವರಿಗೆ ಯಾಕೆ ಸಿಗಲಿಲ್ಲ ಎಂಬುದು ಕಲ್ಲಿನ ವಿಷಯವಲ್ಲ. ಕಲ್ಲನ್ನು ಓದಿದವರು ತಾವು ಓದಿದ್ದನ್ನು ಯಾವ ಕ್ರಮದಲ್ಲಿ ಜೋಡಿಸಿಟ್ಟರು ಎಂಬುದರ ವಿಷಯ. ನಮ್ಮ ಚರಿತ್ರೆಯ ತರಗತಿಗಳಲ್ಲಿ ಈ ಜೋಡಣೆಯ ಕಥೆಯನ್ನು ಯಾರೂ ಹೇಳುವುದಿಲ್ಲ.

ಬೆಂಜಮಿನ್ ಲೂಯಿಸ್ ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾಗಿ ಮುಂದಿನ ಸುಮಾರು ಎರಡು ದಶಕಗಳಲ್ಲಿ ಹನ್ನೆರಡು ಸಂಪುಟಗಳಾಯಿತು. ಹಳೆಯ ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಸುಮಾರು 9,000 ಶಾಸನಗಳು ಅದರಲ್ಲಿವೆ. ಸಂಖ್ಯೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಹಾಕಿದ ಅಂಕಿಯ ಪದ್ಧತಿ. ಸಂಪುಟ ಎಂದರೆ ಒಂದು ಜಿಲ್ಲೆ, ಅಥವಾ ಜಿಲ್ಲೆಯ ಒಂದು ಭಾಗ. ಅದರೊಳಗೆ ತಾಲೂಕು. ಪ್ರತಿ ತಾಲೂಕಿಗೂ ಶಾಸನದ ಅಂಕಿ ಮತ್ತೆ ಒಂದರಿಂದ ಶುರು. ಆದ್ದರಿಂದಲೇ ಇವತ್ತಿಗೂ ಸಂಶೋಧಕರು "ಏಳನೇ ಸಂಪುಟ, ಶಿಕಾರಿಪುರ 100" ಎಂದರೆ ಸಾಕು, ಜಗತ್ತಿನ ಯಾವ ಗ್ರಂಥಾಲಯದಲ್ಲಿ ಕೂತವರಿಗೂ ಅದು ಯಾವ ಕಲ್ಲು ಎಂದು ತಿಳಿಯುತ್ತದೆ. ಬಳ್ಳಿಗಾವಿಯ ಹುಡುಗನೊಬ್ಬ ತನ್ನ ಊರಿನ ಶಾಸನ ನೋಡಬೇಕೆಂದರೆ ಚಾಲುಕ್ಯರು ಯಾರು, ಕಳಚುರಿಗಳು ಯಾವಾಗ ಬಂದರು ಎಂಬುದು ಗೊತ್ತಿರಬೇಕಿಲ್ಲ. ತಾಲೂಕು ಗೊತ್ತಿದ್ದರೆ ಆಯಿತು. ಅರಸರ ಕಾಲಾನುಕ್ರಮ ಬೇಕಾದವರಿಗೆ ರೈಸ್ ಸಂಪುಟದ ಮೊದಲಲ್ಲೇ ಬೇರೆ ಪಟ್ಟಿ ಕೊಟ್ಟಿದ್ದರು. ಒಂದೇ ಮನೆಗೆ ಎರಡು ಬಾಗಿಲು.

ರೈಸ್ ಇದಕ್ಕೂ ಮೊದಲು ಮೈಸೂರಿನ ಗೆಜೆಟಿಯರ್ ಬರೆದವರು. ಜಿಲ್ಲೆ, ತಾಲೂಕು, ಹಳ್ಳಿ ಎಂದು ನಾಡನ್ನು ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಆಡಳಿತದ ಕಣ್ಣು ಅದು ಎಂದು ನಾವು ಟೀಕಿಸಬಹುದು, ಟೀಕಿಸುತ್ತಲೂ ಇದ್ದೇವೆ. ಆದರೆ ಆ ಕಣ್ಣಿನಿಂದಾಗಿಯೇ ಒಬ್ಬ ಹಳ್ಳಿಗನಿಗೆ ಅವನ ಊರು ಸಿಗುತ್ತದೆ ಎಂಬುದನ್ನೂ ಒಪ್ಪಬೇಕು.

ವರದೆ, ಕುಮುದ್ವತಿಗಳ ಈಚೆಗೆ, ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ ಕಥೆ ಬೇರೆ. ಕೆಲಸ ಇಲ್ಲಿ ಮೊದಲೇ ಶುರುವಾಗಿತ್ತು. ವಾಲ್ಟರ್ ಎಲಿಯಟ್ ಇಲ್ಲಿ ಅಧಿಕಾರಿಯಾಗಿದ್ದಾಗ ಮಾಡಿಸಿದ ಸಂಗ್ರಹದಲ್ಲಿ 595 ಶಾಸನಗಳ ನಕಲುಗಳಿದ್ದವು. ಅವು ಸೇರಿದ್ದು ಲಂಡನ್ನಿನ, ಎಡಿನ್‌ಬರೋದ ಕಪಾಟುಗಳನ್ನು. ಆಮೇಲೆ ಬಂದವರು ಜಾನ್ ಫೇಯ್ತ್‌ಫುಲ್ ಫ್ಲೀಟ್. 1872ರಲ್ಲಿ ಆರಂಭವಾದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವರು ಈ ಭಾಗದ ಶಾಸನಗಳನ್ನು ಕಂತು ಕಂತಾಗಿ ಪ್ರಕಟಿಸಿದರು. 1882ರಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕ ಬರೆದರು. ಬಾದಾಮಿಯ ಚಾಲುಕ್ಯರಿಂದ ಹಾನಗಲ್ಲಿನ ಕದಂಬರವರೆಗೆ ನಾವು ಪರೀಕ್ಷೆಗಳಲ್ಲಿ ಬರೆಯುವ ವಂಶಾವಳಿಗಳ ಹಂದರ ಹಾಕಿದವರಲ್ಲಿ ಅವರು ಮುಖ್ಯರು. ಫ್ಲೀಟರ ಪಾಂಡಿತ್ಯದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವರು ಕಟ್ಟುತ್ತಿದ್ದದ್ದು ಅರಸರ ಚರಿತ್ರೆ. ಊರುಗಳು ಅದಕ್ಕೆ ಸಾಕ್ಷಿ ಹೇಳಲು ಬಂದವು, ಸಾಕ್ಷಿ ಹೇಳಿ ಹೋದವು.

ಒಂದು ಉದಾಹರಣೆ ಕೊಡುತ್ತೇನೆ. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಪ್ರಸಿದ್ಧ ಶಾಸನವಿದೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಅದರ ಹೆಸರು ಕೇಳಿರುತ್ತಾರೆ. ತಲೆ ಅರಿದು ಪಡೆದ ಪವಾಡದ ಕಥೆ, ಜೈನರೊಂದಿಗಿನ ವಾದ, ಹನ್ನೆರಡನೆಯ ಶತಮಾನದ ಶೈವ ಚಳವಳಿಯ ಚರ್ಚೆ ಬಂದಲ್ಲೆಲ್ಲ ಅದು ಬಂದೇ ಬರುತ್ತದೆ. ಫ್ಲೀಟ್ ಅದನ್ನು ಪ್ರಕಟಿಸಿದ್ದು ಎಪಿಗ್ರಾಫಿಯ ಇಂಡಿಕದ ಐದನೇ ಸಂಪುಟದಲ್ಲಿ, 1898-99ರಲ್ಲಿ. ಆ ಸಂಪುಟದಲ್ಲಿ ಅಬ್ಬಲೂರಿನ ಹಿಂದೆ ಮುಂದೆ ಇರುವುದು ಭಾರತದ ಬೇರೆ ಬೇರೆ ಮೂಲೆಗಳ ಶಾಸನಗಳು. ಪಕ್ಕದ ಊರು ಅಲ್ಲಿಲ್ಲ. ತಾಲೂಕು ಎಂಬ ವಿಭಾಗವೇ ಇಲ್ಲ. ಅಬ್ಬಲೂರು ಸಿಕ್ಕಿದ್ದು ಅದರ ಕಥೆ ಅಷ್ಟು ದೊಡ್ಡದಾಗಿದ್ದರಿಂದ. ಅಬ್ಬಲೂರಿನ ಸುತ್ತಲಿನ ಊರಲ್ಲಿ ಯಾರೋ ಒಬ್ಬ ಗಾವುಂಡ ದೇವರ ನಂದಾದೀವಿಗೆಗೆ ಗಾಣದೆಣ್ಣೆ ಬಿಟ್ಟಿದ್ದನೆಂದುಕೊಳ್ಳಿ, ಅವನನ್ನು ಎಲ್ಲಿ ಹುಡುಕುವುದು? ಅವನು ಗಡಿಯ ಆಚೆ, ಸೊರಬ ತಾಲೂಕಿನಲ್ಲಿ ಹುಟ್ಟಿದ್ದರೆ ಅವನಿಗೂ ಒಂದು ಅಂಕಿ ಇರುತ್ತಿತ್ತು.

1925-26ರಿಂದ ಕೇಂದ್ರ ಶಾಸನ ಇಲಾಖೆ ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಕ್ರಮವಾಗಿ ಪಡಿಯಚ್ಚು ತೆಗೆಯತೊಡಗಿತು. ವಾರ್ಷಿಕ ವರದಿಗಳಲ್ಲಿ ಅವುಗಳ ಪಟ್ಟಿ ಇದೆ, ಅದೂ ಊರುವಾರು. ಆದರೆ ಆಯಾ ವರ್ಷ ತಂಡ ಹೋದ ಊರುಗಳದು ಮಾತ್ರ. ಒಂದು ಹಳ್ಳಿಗೆ ತಂಡ ಯಾವ ವರ್ಷ ಬಂದಿತ್ತು ಎಂದು ತಿಳಿಯದವನು ದಶಕಗಳ ವರದಿ ಮಗುಚಬೇಕು. 1940ರಲ್ಲಿ ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಹನ್ನೊಂದನೇ ಸಂಪುಟದ ಮೊದಲ ಭಾಗ ಬಂತು. ಮುಂದೆ ಹದಿನೈದು, ಹದಿನೆಂಟು, ಇಪ್ಪತ್ತನೇ ಸಂಪುಟಗಳು. ಇವೆಲ್ಲ ಇಲ್ಲದಿದ್ದರೆ ನನ್ನಂಥವರ ಪ್ರಬಂಧವೇ ಇಲ್ಲ. ಆದರೆ ಜೋಡಣೆ ಇಲ್ಲಿಯೂ ವಂಶದ ಪ್ರಕಾರ: ರಾಷ್ಟ್ರಕೂಟರು, ಚಾಲುಕ್ಯರು, ಕಳಚುರಿಗಳು, ಯಾದವರು. ಒಂದೇ ಗುಡಿಯ ಅಂಗಳದಲ್ಲಿ ಮಗ್ಗುಲು ಮಗ್ಗುಲಲ್ಲಿ ನಿಂತ ಎರಡು ಕಲ್ಲುಗಳು ಪುಸ್ತಕದಲ್ಲಿ ಬೇರೆ ಬೇರೆ ಸಂಪುಟಕ್ಕೆ ಹೋಗಿ ಕೂರುತ್ತವೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯವರ ಗತಿ ಇದಕ್ಕಿಂತ ಮೇಲಿತ್ತು. ವಿ. ರಂಗಾಚಾರ್ಯರು 1919ರಲ್ಲಿಯೇ ಆ ಪ್ರಾಂತ್ಯದ ಶಾಸನಗಳ ಸ್ಥಳವಾರು ಪಟ್ಟಿಯನ್ನು ಮೂರು ಸಂಪುಟಗಳಲ್ಲಿ ಕೊಟ್ಟಿದ್ದರು.

1956ರ ಏಕೀಕರಣ ನಾಡನ್ನು ಒಂದು ಮಾಡಿತು, ಸೂಚಿಗಳನ್ನು ಒಂದು ಮಾಡಲಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂಬ ಹಳೆಯ ಗಡಿಗಳು ಭೂಪಟದಿಂದ ಅಳಿಸಿಹೋದರೂ ಗ್ರಂಥಾಲಯದ ಕಪಾಟಿನಲ್ಲಿ ಇನ್ನೂ ಗಟ್ಟಿಯಾಗಿವೆ. ನನ್ನ ಸಂಶೋಧನೆಯ ಮೊದಲ ವರ್ಷವೆಲ್ಲ ಹೋದದ್ದು ಈ ಗಡಿಗಳನ್ನು ದಾಟುವುದರಲ್ಲಿ.

ತಾಲೂಕಿನ ಹೆಸರಾದರೂ ಹಿಡಿದು ಹೋಗೋಣ ಎಂದರೆ ಅದೂ ಕೈಕೊಡುತ್ತದೆ. 1884ರ ಮುಂಬಯಿ ಗೆಜೆಟಿಯರಿನ ಇಪ್ಪತ್ತೆರಡನೇ ಸಂಪುಟ ಧಾರವಾಡ ಜಿಲ್ಲೆಯದು. ಊರುಗಳ ಅಧ್ಯಾಯ ಇಂಗ್ಲಿಷ್ ಅಕಾರಾದಿಯಲ್ಲಿದೆ, ಒಳ್ಳೆಯದೇ. ಆದರೆ ಅದರಲ್ಲಿ ಶಿಗ್ಗಾಂವಿ ಎಂಬ ತಾಲೂಕಿಲ್ಲ, ಇರುವುದು ಬಂಕಾಪುರ ತಾಲೂಕು. ಹಿರೇಕೆರೂರು ತಾಲೂಕಿಲ್ಲ, ಇರುವುದು ಕೋಡ. ಹಾವೇರಿ ತಾಲೂಕಿಲ್ಲ, ಇರುವುದು ಕರಜಗಿ. ಸವಣೂರು ನವಾಬರ ಸಂಸ್ಥಾನ, 1948ರವರೆಗೂ. ಹಾವೇರಿ ಜಿಲ್ಲೆಯೇ ಹುಟ್ಟಿದ್ದು 1997ರಲ್ಲಿ. ಹೀಗಾಗಿ ದುಂಡಸಿಯ ಒಂದು ಕಾಗದ ಎಂಬತ್ತರ ದಶಕದ್ದಾದರೆ ಧಾರವಾಡ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಕೆಳಗೆ, ಅದಕ್ಕೂ ನೂರು ವರ್ಷ ಹಿಂದಿನದಾದರೆ ಬಂಕಾಪುರ ತಾಲೂಕಿನ ಕೆಳಗೆ, ಈಚಿನದಾದರೆ ಹಾವೇರಿ ಜಿಲ್ಲೆಯ ಕೆಳಗೆ. ಊರು ಕೂತಲ್ಲೇ ಕೂತಿದೆ, ವಿಳಾಸ ಮಾತ್ರ ತಿರುಗುತ್ತಿದೆ.

ಇಷ್ಟೆಲ್ಲ ಪುಸ್ತಕದ ಕಾಲದ ತೊಂದರೆ, ಈಗ ಎಲ್ಲವೂ ಜಾಲತಾಣದಲ್ಲಿದೆಯಲ್ಲ ಎಂದು ಗೆಳೆಯರು ಹೇಳುತ್ತಾರೆ. ಆ ದಿನ ಬಾಕಿನ ಮೇಲೆ ಕುಳಿತು ನಾನೂ ಅದನ್ನೇ ಮಾಡಿದೆ. ಫೋನ್ ತೆಗೆದು ದುಂಡಸಿ ಎಂದು ಹುಡುಕಿದೆ. ಪಿನ್ ಕೋಡ್ ಬಂತು, ಹವಾಮಾನ ಬಂತು. ಆಮೇಲೆ ದುಂಡಶಿ ಎಂದು ಹಾಕಿದೆ, ಅರಣ್ಯ ವಲಯದ ಸುದ್ದಿ ಬೇರೆಯೇ ಬಂತು. ಧುಂಡಸಿ, ಧುಂಡಶಿ ಎಂದೂ ಬರೆಯುವವರಿದ್ದಾರೆ. ತಾಲೂಕು ಕೂಡ ಶಿಗ್ಗಾಂವ, ಶಿಗ್ಗಾಂವಿ, ಶಿಗ್ಗಾವಿ ಎಂದು ಮೂರು ರೀತಿ. ಹುಡುಕುವ ಯಂತ್ರಕ್ಕೆ ಇವು ಒಂದೇ ಊರು ಎಂದು ಯಾರಾದರೂ ಹೇಳಿಕೊಡಬೇಕು, ತಾನಾಗಿ ಅದಕ್ಕೆ ಗೊತ್ತಾಗುವುದಿಲ್ಲ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಕನ್ನಡದ ಅನುಸ್ವಾರ ಮತ್ತು ಕನ್ನಡದ ಸೊನ್ನೆ ಅಂಕಿ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಯುನಿಕೋಡ್ ಕೋಷ್ಟಕದಲ್ಲಿ ಎರಡಕ್ಕೂ ಬೇರೆ ಬೇರೆ ಮನೆ. ಬೆರಳಚ್ಚು ಮಾಡುವವರು ಎಷ್ಟೋ ಸಲ ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿಬಿಡುತ್ತಾರೆ. ದುಂಡಸಿ ಎಂದು ಬರೆದದ್ದಕ್ಕೂ ದು೦ಡಸಿ ಎಂದು ಬರೆದದ್ದಕ್ಕೂ ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಯಂತ್ರಕ್ಕೆ ಎರಡನೆಯದು ನಡುವೆ ಅಂಕಿ ಸಿಕ್ಕಿಹಾಕಿಕೊಂಡ, ಅರ್ಥವಿಲ್ಲದ ಅಕ್ಷರಗಳ ಗುಂಪು. ಬಂಕಾಪುರ, ಶಿಗ್ಗಾಂವಿ, ಹಾನುಂಗಲ್ಲು, ಈ ಭಾಗದಲ್ಲಿ ಸೊನ್ನೆಯಿಲ್ಲದ ಹೆಸರು ಹುಡುಕುವುದೇ ಕಷ್ಟ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿ, ಯುನಿಕೋಡಿಗೆ ಬದಲಿಸದೆ ಏರಿಸಿದ ಕಡತಗಳಂತೂ ಕಣ್ಣಿಗೆ ಅಚ್ಚಗನ್ನಡ, ಹುಡುಕಾಟಕ್ಕೆ ಕಗ್ಗ.

ಶಾಸನದ ಕನ್ನಡಕ್ಕೆ ಬಂದರೆ ಇನ್ನೂ ಒಂದು ಮೆಟ್ಟಿಲು. ಇಂದಿನ ಹಾನಗಲ್ಲು ಅಲ್ಲಿ ಪಾನುಂಗಲ್. ನಡುಗನ್ನಡದಲ್ಲಿ ಪಕಾರ ಹಕಾರವಾದದ್ದನ್ನು ಎರಡನೇ ವರ್ಷದ ವಿದ್ಯಾರ್ಥಿಗೂ ಕಲಿಸುತ್ತೇವೆ, ಆದರೆ ಹುಡುಕುವ ಪೆಟ್ಟಿಗೆಗೆ ಕಲಿಸಿಲ್ಲ. ಕೆರೆಗಳ ಚರಿತ್ರೆ ಬರೆಯಹೊರಟ ಗೆಳತಿಯೊಬ್ಬಳು ಶಾಸನ ಪಾಠಗಳ ಒಂದು ಕಡತದಲ್ಲಿ ಕೆರೆ ಎಂದು ಹುಡುಕಿ, ಬರೀ ಬೆರಳೆಣಿಕೆಯಷ್ಟು ಸಿಕ್ಕಿತು, ಇಷ್ಟೇ ಕೆರೆಗಳೇ ಎಂದು ಬೇಸರಪಟ್ಟುಕೊಂಡಿದ್ದಳು. ಹಳಗನ್ನಡದಲ್ಲಿ ಅದು ಶಕಟರೇಫದ ಕೆಱೆ. ಅಕ್ಷರ ಬದಲಿಸಿ ಹುಡುಕಿದಾಗ ಕೆರೆಗಳು ತುಂಬಿ ಬಂದವು. ಆಕೆಗೆ ಹಳಗನ್ನಡ ಗೊತ್ತಿತ್ತು, ಹೇಳಿದ ಕೂಡಲೇ ತಲೆ ಚಚ್ಚಿಕೊಂಡಳು. ಗೊತ್ತಿಲ್ಲದವನೊಬ್ಬ ಈ ನಾಡಿನಲ್ಲಿ ಕೆರೆಗಳೇ ಕಡಿಮೆಯಿದ್ದವೆಂದು ತೀರ್ಮಾನಿಸಿ ಎದ್ದುಹೋಗಬಹುದಿತ್ತು. ಹುಡುಕಿದಾಗ ಸಿಗದ್ದು ಕ್ರಮೇಣ ಇರಲೇ ಇಲ್ಲ ಎಂದಾಗಿಬಿಡುತ್ತದೆ. ಈ ಕಾರಣಕ್ಕೆ ಇದನ್ನು ಬರೀ ತಾಂತ್ರಿಕ ತೊಂದರೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ನಾನು ಹೆಚ್ಚು ಬಳಸುವ ಒಂದು ಸಂಗ್ರಹದಲ್ಲಿ ಹಳೆಯ ಸಂಪುಟಗಳೆಲ್ಲ ಪುಟಗಳ ಚಿತ್ರಗಳಾಗಿವೆ. ಕಡತದ ಹೆಸರು "ಸಂಪುಟ ಹನ್ನೊಂದು, ಭಾಗ ಎರಡು" ಎಂದಷ್ಟೇ. ಏರಿಸಿದವರಿಗೆ ನಮಸ್ಕಾರ, ಅವರಿಂದಾಗಿ ನನ್ನ ಎಷ್ಟೋ ಬಸ್ ಚಾರ್ಜು ಉಳಿದಿದೆ. ಆದರೆ ಅದು ಗ್ರಂಥಾಲಯದ ಕಪಾಟನ್ನು ಹಾಗೆಯೇ ಎತ್ತಿ ಪರದೆಯೊಳಗೆ ಇಟ್ಟಂತೆ. ಕಪಾಟಿನ ಮುಂದೆ ನಿಂತು ದಾರಿ ಹೇಳುತ್ತಿದ್ದ ಗ್ರಂಥಪಾಲಕ ಮಾತ್ರ ಒಳಗೆ ಬರಲಿಲ್ಲ. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಹೇಳಿದಾಗ ನಾಲ್ಕನೆಯದನ್ನು ಪೂರ್ತಿ ಓದುಗನ ಸಮಯ ಉಳಿಸುವುದಕ್ಕೇ ಮೀಸಲಿಟ್ಟಿದ್ದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ಗ್ರಂಥಸೂಚಿಯ ಸಂಶೋಧನೆ, ತರಬೇತಿಗೆ ಕೇಂದ್ರ ಕಟ್ಟಿದವರು ಅವರು. ಓದುಗ ಯಾವ ಹೆಸರು ಹಿಡಿದು ಬರುತ್ತಾನೆ ಎಂಬ ಪ್ರಶ್ನೆ ಅವರಿಗೆ ಪುಸ್ತಕದಷ್ಟೇ ಮುಖ್ಯವಾಗಿತ್ತು.

ಓದುಗ ಬರುವ ಬಾಗಿಲು ನಾವು ಎಣಿಸಿದ್ದೇ ಆಗಿರುವುದಿಲ್ಲ. ಇದೇ ತಾಲೂಕಿನ ಶಿಶುನಾಳದ ಶರೀಫರ ಹಾಡುಗಳ ಪುಸ್ತಕ ತೆಗೆಯಿರಿ. ಸೂಚಿ ಇರುವುದು ಸಾಮಾನ್ಯವಾಗಿ ಪಲ್ಲವಿಯ ಮೊದಲ ಸಾಲಿನಿಂದ. ಊರಲ್ಲಿ ಭಜನೆ ಕೇಳಿ ಬೆಳೆದವರಿಗೆ ನೆನಪಿರುವುದು ನಡುವಿನ ಒಂದು ನುಡಿ, ಒಂದು ಉಪಮೆ. ಅದನ್ನು ಹಿಡಿದು ಬಂದರೆ ಪುಸ್ತಕ ಬಾಗಿಲು ತೆಗೆಯುವುದಿಲ್ಲ, ಹಾಡುವವರನ್ನೇ ಕೇಳಬೇಕು. ವಚನಗಳ ವಿಷಯದಲ್ಲಿ ಈ ಕೊರತೆ ದೊಡ್ಡ ಮಟ್ಟಿಗೆ ನೀಗಿದೆ. ವಚನ ಸಂಚಯ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯಾವುದೇ ಒಂದು ಪದ ಹಿಡಿದು ಹುಡುಕಬಹುದು. ಅಂಕಿತ ತಿಳಿಯದವರೂ ಒಳಗೆ ಬರಬಹುದು. ಕನ್ನಡದಲ್ಲಿ ಇದು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ಭಾಗದ ಶಾಸನಗಳಿಗೆ ಊರಿನ ಬಾಗಿಲನ್ನು ತೆರೆದವರ ಹೆಸರು ಹೇಳಲೇಬೇಕು. ಎಪ್ಪತ್ತರ ದಶಕದಲ್ಲಿ ಎಂ.ಎಂ. ಕಲಬುರ್ಗಿಯವರು ಧಾರವಾಡ ಜಿಲ್ಲೆಯ ಶಾಸನ ಸೂಚಿ, ಬಿಜಾಪುರ ಜಿಲ್ಲೆಯ ಶಾಸನ ಸೂಚಿಗಳನ್ನು ಸಿದ್ಧಪಡಿಸಿದರು. ಆಗ ಧಾರವಾಡ ಜಿಲ್ಲೆ ಎಂದರೆ ಇಂದಿನ ಹಾವೇರಿ, ಗದಗಗಳೂ ಸೇರಿ. ಚದುರಿಬಿದ್ದ ಪತ್ರಿಕೆ, ವರದಿ, ಸಂಪುಟಗಳನ್ನು ಮಗುಚಿ ಯಾವುದು ಎಲ್ಲಿದೆ ಎಂದು ಗುರುತಿಸಿಡುವುದು ಎಂಥ ಬೇಸರದ, ಬೆನ್ನು ಮುರಿಯುವ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ಅವರ ಮಾರ್ಗ ಸಂಪುಟಗಳ ಬಗ್ಗೆ ವಿಚಾರಸಂಕಿರಣಗಳಾಗುತ್ತವೆ. ಸೂಚಿಗಳ ಬಗ್ಗೆ ಒಂದು ಭಾಷಣವನ್ನೂ ನಾನು ಕೇಳಿಲ್ಲ. ಅವರಿಗೂ ಮೊದಲು, 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯಿಂದ ಆರ್.ಎಸ್. ಪಂಚಮುಖಿಯವರು ಕರ್ನಾಟಕ ಇನ್‌ಸ್ಕ್ರಿಪ್ಶನ್ಸ್ ಮಾಲೆ ತಂದಿದ್ದರು. ಎಲ್ಲರೂ ದಾರಿಯ ಒಂದೊಂದು ತುಂಡನ್ನು ಕಟ್ಟಿದವರೇ.

ಸೂಚಿ ಮಾಡುವುದು ಸಂಶೋಧನೆಯಲ್ಲ, ಅದು ಗುಮಾಸ್ತರ ಕೆಲಸ ಎಂದು ನನಗೂ ಒಂದು ಸಭೆಯಲ್ಲಿ ಹಿರಿಯರೊಬ್ಬರು ಬುದ್ಧಿ ಹೇಳಿದರು. ಪ್ರಬಂಧದ ಅನುಬಂಧದಲ್ಲಿ ನಾಲ್ಕು ತಾಲೂಕುಗಳ ಊರುವಾರು ಸೂಚಿ ಸೇರಿಸುತ್ತೇನೆ ಎಂದದ್ದಕ್ಕೆ ಬಂದ ಮಾತು ಅದು. ಹೊಸ ವಾದ ಏನಿದೆ ಎಂದು ಕೇಳಿದರು. ಅಲ್ಲಿ ಉತ್ತರ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ: ಶಾಸನಗಳನ್ನು ಅರಸರ ಹೆಸರಿನ ಕೆಳಗೆ ಜೋಡಿಸಿದ್ದೂ ಒಂದು ವಾದವೇ ಆಗಿತ್ತು, ಯಾರೂ ಅದನ್ನು ವಾದವೆಂದು ಕರೆಯಲಿಲ್ಲ ಅಷ್ಟೇ.

ಅನುಬಂಧಕ್ಕೆಂದು ಪ್ರತಿ ಊರಿಗೂ ಒಂದು ಕಾರ್ಡು ಬರೆಯುತ್ತಿದ್ದೇನೆ. ಮೇಲ್ಗಡೆ ಊರಿನ ಈಗಿನ ಹೆಸರು. ಅದರ ಕೆಳಗೆ ಇತರ ಬರಹಗಳು, ಶಾಸನದಲ್ಲಿ ಬಂದ ರೂಪ, ಇಂಗ್ಲಿಷ್ ವರದಿಗಳ ಕಾಗುಣಿತ. ಆಮೇಲೆ ತಾಲೂಕು, ಜಿಲ್ಲೆ, ಅವು ಬದಲಾದದ್ದು. ಕೊನೆಗೆ ಎಲ್ಲಿ ನೋಡಬೇಕು ಎಂಬುದು. ಕಂಪ್ಯೂಟರಿಗೆ ಹಾಕುವಾಗ ಅನುಸ್ವಾರವನ್ನು ಎರಡೆರಡು ಸಲ ಪರೀಕ್ಷಿಸುತ್ತೇನೆ, ಅದೊಂದು ಗೀಳಾಗಿದೆ.

ಈ ಜನವರಿಯಲ್ಲಿ ಮತ್ತೆ ದುಂಡಸಿಗೆ ಹೋದಾಗ ಅದೇ ಬಾಕಿನ ಮೇಲೆ ಅಜ್ಜ ಸಿಕ್ಕರು. ಕಾರ್ಡನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿನ ಸಾಲನ್ನೇ ಬಹಳ ಹೊತ್ತು ನೋಡಿದರು. ಒಂದರ ಕೆಳಗೊಂದು ನಾಲ್ಕು ರೀತಿಯಲ್ಲಿ ಬರೆದ ತಮ್ಮ ಊರಿನ ಹೆಸರು.

"ಇದರಾಗ ಯಾವುದು ಖರೇ ಅಜ್ಜಾರ?" ಎಂದು ಕೇಳಿದೆ.

"ಉತಾರದಾಗ ಹೆಂಗ ಐತಿ, ಹಂಗ ಮ್ಯಾಲ ಬರಿ," ಎಂದರು. ಮತ್ತೆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಉಳದವನ್ನೂ ಇರಲಿ ಬಿಡು, ಹೊಡಿಬ್ಯಾಡ. ಯಾರು ಹೆಂಗ ಕೇಳ್ಕೊಂತ ಬರ್ತಾರೋ," ಎಂದರು.